ತಂಡ ನೋಡಿ ಟಿಕೆಟ್ ತಗೋಬೇಡಿ, ಊರು ನೋಡಿ ತಗೊಳ್ಳಿ

ಕಾಫಿಗೆ ರೇಟು ಬಂದ ಮೇಲೆ ನಮ್ಮ ಚಿಕ್ಕಮಗಳೂರು ಕಡೆ ಮಾತಿನ ಧಾಟಿಯೇ ಬದಲಾಗಿದೆ. ಮೊದಲೆಲ್ಲ ಕೊಯ್ಲು ಮುಗಿಯುವ ಹೊತ್ತಿಗೆ ಸೊಸೈಟಿ ಸಾಲದ ಲೆಕ್ಕ ಶುರುವಾಗುತ್ತಿತ್ತು. ಈಗ "ಜೂನ್‌ಗೆ ವರ್ಲ್ಡ್ ಕಪ್ ನೋಡ್ಕೊಂಡು ಬರೋಣ್ವಾ?" ಅನ್ನುವವರು ಸಿಗುತ್ತಿದ್ದಾರೆ. ಕ್ರಿಕೆಟ್ ಅಲ್ಲ, ಅಮೆರಿಕ, ಮೆಕ್ಸಿಕೋ, ಕೆನಡಾದಲ್ಲಿ ನಡೆಯುವ 2026ರ ಫುಟ್‌ಬಾಲ್. ಮೂಡಿಗೆರೆಯಿಂದ, ಸಕಲೇಶಪುರದಿಂದ ಎಲ್ಲ ಫೋನ್ ಬರುತ್ತಿದೆ. ನಿದ್ದೆಗೆಟ್ಟು ಮ್ಯಾಚ್ ನೋಡುವವನು ಅಂತ ನನಗೊಂದು ಹೆಸರಿದೆಯಲ್ಲ, ಅದಕ್ಕೆ. ಎಲ್ಲರದ್ದೂ ಒಂದೇ ಪ್ರಶ್ನೆ. ಅರ್ಜೆಂಟೀನಾ ಮ್ಯಾಚಿಗೆ ಟಿಕೆಟ್ ಹೇಗೆ ಸಿಗುತ್ತೆ?

ಅರ್ಜೆಂಟೀನಾ ಆಮೇಲೆ. ಮೊದಲು ಸ್ಟೇಡಿಯಂ ಎಲ್ಲಿದೆ ನೋಡಿ. ಮ್ಯಾಚ್ ಮುಗಿದ ಮೇಲೆ ಅಲ್ಲಿಂದ ರೂಮಿಗೆ ಹೇಗೆ ವಾಪಸ್ ಬರುತ್ತೀರಿ ಅಂತ ಹೇಳಿ. ಅದಕ್ಕೆ ಉತ್ತರ ಇದ್ದರೆ ಟಿಕೆಟ್ ಮಾತಾಡೋಣ.

ಹೀಗಂದರೆ ಜನಕ್ಕೆ ಸಿಟ್ಟು ಬರುತ್ತದೆ. "ಮೆಸ್ಸಿ ನೋಡೋಕೆ ಹೋಗೋದು ಮಾರಾಯ, ಬಸ್‌ಸ್ಟ್ಯಾಂಡ್ ನೋಡೋಕಲ್ಲ" ಅಂತಾರೆ. ಈ ಧೈರ್ಯಕ್ಕೆ ಕಾರಣ ಕತಾರ್. 2022ರಲ್ಲಿ ಕತಾರಿಗೆ ಹೋಗಿ ಬಂದವರ ಕತೆ ಕೇಳಿ ಕೇಳಿ ವಿಶ್ವಕಪ್ ಅಂದರೆ ಸುಲಭ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಿ ಎಂಟು ಸ್ಟೇಡಿಯಂ, ಎಲ್ಲವೂ ದೋಹಾದ ಆಸುಪಾಸಿನಲ್ಲೇ. ಹಯ್ಯಾ ಕಾರ್ಡ್ (ಮ್ಯಾಚ್ ನೋಡಲು ಬಂದವರ ಗುರುತಿನ ಕಾರ್ಡ್) ಇದ್ದವರಿಗೆ ಮೆಟ್ರೋ ಫ್ರೀ. ಒಂದೇ ದಿನ ಎರಡು ಮ್ಯಾಚ್ ನೋಡಿದವರೂ ಇದ್ದರು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರಿದರೆ ಸುಮಾರು 14,000 ಚದರ ಕಿ.ಮೀ. ಆಗುತ್ತದೆ. ಕತಾರ್ ಇಡೀ ದೇಶವೇ 12,000ಕ್ಕಿಂತ ಕಡಿಮೆ. ಈ ಸಲ ಹಾಗಲ್ಲ. ಅಮೆರಿಕದಲ್ಲಿ 11 ಊರು, ಮೆಕ್ಸಿಕೋದಲ್ಲಿ 3, ಕೆನಡಾದಲ್ಲಿ 2. 48 ತಂಡ, 104 ಮ್ಯಾಚ್, ಜೂನ್ 11ರಿಂದ ಜುಲೈ 19ರವರೆಗೆ. ಒಂದು ತಂಡದ ಹಿಂದೆ ಬಿದ್ದರೆ ವಿಮಾನ ಹತ್ತಿ ಇಳಿಯುವುದೇ ಕೆಲಸ.

ಇನ್ನೊಂದು ತಮಾಷೆ ಇದೆ. ವಿಶ್ವಕಪ್‌ನಲ್ಲಿ ಸ್ಟೇಡಿಯಂಗಳ ಪ್ರಾಯೋಜಕರ ಹೆಸರು ಬಳಸಲು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಬಿಡುವುದಿಲ್ಲ. ಹಾಗಾಗಿ ಎಲ್ಲಕ್ಕೂ ಊರಿನ ಹೆಸರು ಹಚ್ಚಿದ್ದಾರೆ. 'ಬಾಸ್ಟನ್ ಸ್ಟೇಡಿಯಂ' ಅಂತ ಬರೆದಿರುವುದು ನಿಜವಾಗಿ ಇರುವುದು ಫಾಕ್ಸ್‌ಬರೋ ಅನ್ನುವ ಊರಲ್ಲಿ, ಬಾಸ್ಟನ್ನಿನಿಂದ 40 ಕಿ.ಮೀ.ಗೂ ಆಚೆ. 'ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ' ಸ್ಟೇಡಿಯಂ ಇರುವುದು ಸ್ಯಾಂಟಾ ಕ್ಲಾರಾದಲ್ಲಿ. ಫೈನಲ್ ನಡೆಯುವ 'ನ್ಯೂಯಾರ್ಕ್ ನ್ಯೂಜೆರ್ಸಿ ಸ್ಟೇಡಿಯಂ' ನ್ಯೂಯಾರ್ಕಿನಲ್ಲಿ ಇಲ್ಲವೇ ಇಲ್ಲ, ಹಡ್ಸನ್ ನದಿ ದಾಟಿ ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿದೆ. ಬೇಲೂರಲ್ಲಿ ಮ್ಯಾಚ್ ಇಟ್ಟು ಟಿಕೆಟ್ ಮೇಲೆ ಹಾಸನ ಸ್ಟೇಡಿಯಂ ಅಂತ ಅಚ್ಚು ಹಾಕಿದ ಹಾಗೆ. ನಂಬಿಕೊಂಡು ಹಾಸನದಲ್ಲಿ ರೂಮ್ ಮಾಡಿದವನ ಗತಿ ಏನು?

ಈಗ ಅರ್ಜೆಂಟೀನಾ ವಿಷಯಕ್ಕೆ ಬರೋಣ. ಗುಂಪು ಹಂತದಲ್ಲಿ ಅವರ ಮೂರು ಮ್ಯಾಚ್. ಜೂನ್ 16ಕ್ಕೆ ಅಲ್ಜೀರಿಯಾ ಜೊತೆ ಕಾನ್ಸಾಸ್ ಸಿಟಿಯಲ್ಲಿ. 22ಕ್ಕೆ ಆಸ್ಟ್ರಿಯಾ, 27ಕ್ಕೆ ಜೋರ್ಡಾನ್, ಎರಡೂ ಡಲ್ಲಾಸ್‌ನಲ್ಲಿ. ಡಲ್ಲಾಸ್ ಅಂದರೆ ಡಲ್ಲಾಸ್ ಅಲ್ಲ, ಪಕ್ಕದ ಆರ್ಲಿಂಗ್ಟನ್. ನಾಲ್ಕು ಲಕ್ಷದ ಹತ್ತಿರ ಜನ ಇರುವ ಊರು. ಅಲ್ಲಿ ನಿಗದಿತ ರೂಟಿನಲ್ಲಿ ಓಡುವ ಸಿಟಿ ಬಸ್ಸೇ ಇಲ್ಲ. ಫೋನಿನಲ್ಲಿ ಕರೆದರೆ ಬರುವ ಶೇರ್ ವ್ಯಾನ್ ಇದೆ, ಅಷ್ಟೇ. ಕಾನ್ಸಾಸ್ ಸಿಟಿಯ ಸ್ಟೇಡಿಯಂ ಕೂಡ ಊರ ಮಧ್ಯದಿಂದ ದೂರ, ಸುತ್ತ ಕಣ್ಣು ಹಾಯುವಷ್ಟೂ ಪಾರ್ಕಿಂಗ್ ಬಯಲು. ಕಾರು ಇರುವವರಿಗಾಗಿ ಕಟ್ಟಿದ ಜಾಗಗಳು ಇವು. ವಿಶ್ವಕಪ್‌ಗೆ ವಿಶೇಷ ಬಸ್ ಬಿಡುತ್ತಾರೆ, ನಿಜ. ಆದರೆ ಎಪ್ಪತ್ತು ಎಂಬತ್ತು ಸಾವಿರ ಜನ ಒಂದೇ ಸಲ ಹೊರಗೆ ಬಂದಾಗ ಆ ಕ್ಯೂನಲ್ಲಿ ನಿಂತು ನೋಡಿ. ಈ ಎರಡು ಊರುಗಳ ನಡುವೆ ರಸ್ತೆಯಲ್ಲಿ 800 ಕಿ.ಮೀ.ಗೂ ಜಾಸ್ತಿ ದೂರ ಬೇರೆ.

ನನ್ನ ಅಳತೆಗೋಲು ಬೆಂಗಳೂರಿನ ಕಂಠೀರವ. 2023ರ ಜುಲೈ 4ರಂದು ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಕಪ್ಪಿನ ಫೈನಲ್ ಅಲ್ಲಿ ನಡೆಯಿತು. ಭಾರತ–ಕುವೈತ್, 1-1 ಆಗಿ ಪೆನಾಲ್ಟಿಗೆ ಹೋಯಿತು. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಕಿಕ್ ತಡೆದು 5-4ರಲ್ಲಿ ಗೆದ್ದಾಗ ಇಡೀ ಸ್ಟೇಡಿಯಂ 'ವಂದೇ ಮಾತರಂ' ಹಾಡಿತು. ಕಂಠೀರವದಲ್ಲಿ ಆಟ ನೋಡುವುದು ಸುಖ ಅಂತ ನಾನು ಹೇಳುವುದಿಲ್ಲ. ನಡುವೆ ಓಟದ ಟ್ರ್ಯಾಕ್ ಇದೆ, ಆಟಗಾರರು ದೂರ, ಅಂಗಿ ನಂಬರ್ ಓದಲು ಕಣ್ಣು ಕಿರಿದು ಮಾಡಬೇಕು. ಆದರೆ ಹೊರಗೆ ಬಂದರೆ ಊರ ನಡುಮಧ್ಯೆ ಇರುತ್ತೀರಿ. ಹಡ್ಸನ್ ಸರ್ಕಲ್ ದಾಟಿ ಕೆ.ಜಿ. ರಸ್ತೆ ಹಿಡಿದು ಜನರ ಜೊತೆ ಕೂಗಿಕೊಂಡು ಮೆಜೆಸ್ಟಿಕ್‌ಗೆ ನಡೆದುಬಿಟ್ಟೆ. ಚಿಕ್ಕಮಗಳೂರಿನ ರಾತ್ರಿ ಬಸ್ ಸಿಕ್ಕಿತು. ಆ ನಡಿಗೆ ನನಗೆ ಪೆನಾಲ್ಟಿಯಷ್ಟೇ ನೆನಪಿದೆ. ಗೆದ್ದ ಮೇಲೆ ಅರ್ಧ ಗಂಟೆ ಅಪರಿಚಿತರ ಜೊತೆ ಬೀದಿಯಲ್ಲಿ ನಡೆಯಲು ಸಿಗದಿದ್ದರೆ ಸ್ಟೇಡಿಯಂಗೆ ಯಾಕೆ ಹೋಗಬೇಕು? ಮನೆಯ ಟಿವಿಯಲ್ಲಿ ಇನ್ನೂ ಚೆನ್ನಾಗಿ ಕಾಣಿಸುತ್ತೆ ಅಲ್ವಾ?

ಆ ಅಳತೆ ಹಿಡಿದು 16 ಊರುಗಳ ಮ್ಯಾಪ್ ನೋಡಿದೆ. ನನಗೆ ಒಪ್ಪಿಗೆಯಾದದ್ದು ಸಿಯಾಟಲ್ ಮತ್ತು ವ್ಯಾಂಕೂವರ್. ಸಿಯಾಟಲ್ ಸ್ಟೇಡಿಯಂ ಪೇಟೆಗೆ ಅಂಟಿಕೊಂಡೇ ಇದೆ. ವಿಮಾನ ನಿಲ್ದಾಣದಿಂದ ಲೈಟ್ ರೈಲ್ ಹತ್ತಿದರೆ 'ಸ್ಟೇಡಿಯಂ' ಅನ್ನುವ ನಿಲ್ದಾಣದಲ್ಲೇ ಇಳಿಯಬಹುದು. ದೂರದ ರೈಲು ಹೊರಡುವ ಕಿಂಗ್ ಸ್ಟ್ರೀಟ್ ಸ್ಟೇಷನ್ ಪಕ್ಕದಲ್ಲೇ ಇದೆ. ಅಲ್ಲಿಂದ ವ್ಯಾಂಕೂವರ್‌ಗೆ ಸುಮಾರು ನಾಲ್ಕು ಗಂಟೆಯ ರೈಲು. ದೂರ ನಮ್ಮೂರಿಂದ ಬೆಂಗಳೂರಿಗಿರುವಷ್ಟೇ. ವ್ಯಾಂಕೂವರ್‌ನ ಬಿ.ಸಿ. ಪ್ಲೇಸ್ ಕೂಡ ಊರ ಮಧ್ಯ, ಮುಂದೆಯೇ ಸ್ಕೈಟ್ರೈನ್ ಅನ್ನುವ ಮೆಟ್ರೋ ನಿಲ್ದಾಣ. ಮೇಲೆ ಮುಚ್ಚುವ ಛಾವಣಿಯೂ ಇದೆ. ಜೂನ್‌ನಲ್ಲಿ ಈ ಕಡೆ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ, ಹೊಸಬರಿಗೆ ಅದೂ ಒಂದು ಧೈರ್ಯ.

ಹೀಗೆ ಊರು ಹಿಡಿದ ಮೇಲೆ ಯಾವ ಮ್ಯಾಚ್ ಇದೆ ಅಂತ ನೋಡಿದರೆ ಖುಷಿಯಾಗಿಬಿಟ್ಟಿತು. ಸ್ಟಾರ್ ಆಟಗಾರ ಸಲಾ ಇರುವ ಈಜಿಪ್ಟ್! ಜೂನ್ 15ಕ್ಕೆ ಸಿಯಾಟಲ್‌ನಲ್ಲಿ ಬೆಲ್ಜಿಯಂ ಜೊತೆ. 21ಕ್ಕೆ ವ್ಯಾಂಕೂವರ್‌ನಲ್ಲಿ ನ್ಯೂಜಿಲೆಂಡ್ ಜೊತೆ. 26ಕ್ಕೆ ಮತ್ತೆ ಸಿಯಾಟಲ್. ಮೆಸ್ಸಿ ಭಕ್ತರಿಗೆ ಇದು ಕಡಿಮೆ ಅನಿಸಬಹುದು. ಈ ವಿಷಯದಲ್ಲಿ ನಾನು ಜಗಳಕ್ಕೆ ತಯಾರಿದ್ದೇನೆ.

ಟಿಕೆಟ್ ದುಡ್ಡಿಗೂ ಇದೇ ಲೆಕ್ಕ ಒಳ್ಳೆಯದು. ಫಿಫಾ ಈ ಸಲ ಬೇಡಿಕೆ ನೋಡಿ ಬೆಲೆ ಏರಿಸುವ ಪದ್ಧತಿ ತಂದಿದೆ. ಮೆಸ್ಸಿ, ರೊನಾಲ್ಡೊ ಇರುವ ಕಡೆ ಬೆಂಕಿ ಬೆಲೆ. ಡಿಸೆಂಬರ್–ಜನವರಿಯ ಟಿಕೆಟ್ ಲಾಟರಿಯಲ್ಲಿ 50 ಕೋಟಿಗೂ ಮೀರಿ ಟಿಕೆಟ್‌ಗೆ ಬೇಡಿಕೆ ಬಂತು ಅಂತ ಫಿಫಾವೇ ಹೇಳಿದೆ. ಅದರಲ್ಲಿ ಪೋರ್ಚುಗಲ್–ಕೊಲಂಬಿಯಾ ಮ್ಯಾಚ್‌ಗೆ ಮುಗಿಬಿದ್ದಿದ್ದರು. ಬೆಲೆ ಜಾಸ್ತಿ ಅಂತ ಗಲಾಟೆಯಾದ ಮೇಲೆ ಎಲ್ಲ ಮ್ಯಾಚಿಗೂ 60 ಡಾಲರ್ ಟಿಕೆಟ್ ಅಂತ ಸುದ್ದಿ ಬಂತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬವೋ ಹಬ್ಬ. ಆದರೆ ಅದು ಆಡುವ ದೇಶಗಳ ಫುಟ್‌ಬಾಲ್ ಸಂಸ್ಥೆಗಳ ಮೂಲಕ ಅವರವರ ಹಳೇ ಅಭಿಮಾನಿಗಳಿಗೆ ಹೋಗುವ ಟಿಕೆಟ್. ನಮ್ಮ ದೇಶ ಆಡಿದರೆ ತಾನೇ ನಮಗೆ ಬರುವುದು? ಇನ್ನು ಮರುಮಾರಾಟಕ್ಕೆ ಫಿಫಾದ್ದೇ ಜಾಲತಾಣ ಇದೆ. ಅಲ್ಲಿ ಮಾರುವವನಿಂದ ನೂರಕ್ಕೆ 15, ಕೊಳ್ಳುವವನಿಂದಲೂ ನೂರಕ್ಕೆ 15 ಕತ್ತರಿಸುತ್ತಾರೆ. ನಮ್ಮ ಮಂಡಿಯವರೂ ಇಷ್ಟು ಕಮಿಷನ್ ಕೇಳಲ್ಲ.

ಇದಕ್ಕಿಂತ ದೊಡ್ಡ ಗುಡ್ಡ ಅಮೆರಿಕದ ವೀಸಾ. ಟಿಕೆಟ್ ಇದ್ದರೆ ವೀಸಾ ಸಿಗುತ್ತೆ ಅನ್ನುವ ಮಾತು ಎಲ್ಲಿಂದ ಹುಟ್ಟಿತೋ! ಸಿಗಲ್ಲ. ಫಿಫಾದಿಂದ ನೇರವಾಗಿ ಟಿಕೆಟ್ ಕೊಂಡವರಿಗೆ ಸಂದರ್ಶನದ ದಿನ ಬೇಗ ಕೊಡುತ್ತೇವೆ ಅಂತ 2025ರ ನವೆಂಬರಿನಲ್ಲಿ 'ಫಿಫಾ ಪಾಸ್' ವ್ಯವಸ್ಥೆ ಹೇಳಿದರು. ಬೇಗ ಸಿಗುವುದು ದಿನ ಮಾತ್ರ. ಅಮೆರಿಕದ ಕಾನೂನಿನ ಪ್ರಕಾರ ಬಂದವನು ವಾಪಸ್ ಹೋಗುವವನಲ್ಲ ಅಂತಲೇ ಮೊದಲು ಲೆಕ್ಕ. ಹೋಗುತ್ತೇನೆ ಅಂತ ನಂಬಿಸುವುದು ನಿಮ್ಮ ಕೆಲಸ. ನಂಬದಿದ್ದರೆ ಕಟ್ಟಿದ 185 ಡಾಲರ್ ಅಲ್ಲಿಗೇ ಹೋಯಿತು.

ನಮ್ಮ ಬೆಳೆಗಾರರಿಗೆ ಇಲ್ಲೊಂದು ತೊಡಕಿದೆ. ಚೆರ್ರಿಯೋ ಪಾರ್ಚ್‌ಮೆಂಟೋ (ಹೊಟ್ಟು ತೆಗೆಯದ ಕಾಫಿ) ಮಾರಿದ ದುಡ್ಡು ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ. ಹಾಗಾಗಿ ಸಣ್ಣ ತೋಟದವರು ಎಷ್ಟೋ ಜನ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಪಹಣಿ ಇದೆ, ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಬಿದ್ದಿದೆ, ಅಷ್ಟೇ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಗಾಜಿನ ಆಚೆ ಕೂತ ಅಧಿಕಾರಿಗೆ ಇದನ್ನು ಎರಡು ನಿಮಿಷದಲ್ಲಿ ಬಿಡಿಸಿ ಹೇಳಬೇಕು. ಎಷ್ಟೋ ಸಲ ಕಾಗದ ತೆರೆದೂ ನೋಡುವುದಿಲ್ಲವಂತೆ, ಬಾಯಿ ಮಾತೇ ಮುಖ್ಯ. "ಅರೇಬಿಕಾ, ಮೆಣಸು ಇದೆ, ನವೆಂಬರಿಗೆ ಕೊಯ್ಲು, ನಾನಿಲ್ಲದೆ ನಡೆಯಲ್ಲ" ಅಂತ ನೇರವಾಗಿ ಹೇಳಿ. ಅದು ಸತ್ಯವೂ ಹೌದಲ್ಲ. ವ್ಯಾಂಕೂವರ್ ಆಸೆ ಇದ್ದರೆ ಕೆನಡಾ ವೀಸಾ ಬೇರೆಯೇ ಹಾಕಬೇಕು. ಇದೇ ಕಾರಣಕ್ಕೆ ವೀಸಾ ಕೈಗೆ ಬರುವ ಮೊದಲು ದುಬಾರಿ ಟಿಕೆಟ್ ತಗೊಳ್ಳುವುದು ದಡ್ಡತನ ಅನ್ನುತ್ತೇನೆ. ಹೋದರೆ ಹೋಗಲಿ ಅನ್ನುವಷ್ಟರ ಒಂದು ಟಿಕೆಟ್ ಸಾಕು.

ಅಮೆರಿಕ ವೀಸಾ ಸಿಕ್ಕವರಿಗೆ ಒಂದು ಲಾಭ ಇದೆ. ಅದನ್ನು ತೋರಿಸಿದರೆ ಭಾರತೀಯರಿಗೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಅಲ್ಲಿನ ಮೆಕ್ಸಿಕೋ ಸಿಟಿಯಲ್ಲಿ ಅಜ್ಟೆಕಾ ಸ್ಟೇಡಿಯಂ ಇದೆ. 1970, 1986ರ ಫೈನಲ್ ನಡೆದ ಜಾಗ. ಮರಡೋನಾ ಇಂಗ್ಲೆಂಡ್ ವಿರುದ್ಧ ಕೈಯಲ್ಲೊಂದು, ಕಾಲಲ್ಲೊಂದು ಗೋಲು ಹೊಡೆದದ್ದು ಅಲ್ಲೇ. ಈ ಸಲದ ಮೊದಲ ಮ್ಯಾಚೂ ಅಲ್ಲೇ. ಲಘು ರೈಲು ಸ್ಟೇಡಿಯಂ ಹತ್ತಿರವೇ ನಿಲ್ಲುತ್ತದೆ, ನನ್ನ ಅಳತೆಯಲ್ಲಿ ಪಾಸು. ಒಂದು ಮಾತು ಮಾತ್ರ ನೆನಪಿರಲಿ. ಆ ಊರು ಸಮುದ್ರ ಮಟ್ಟದಿಂದ 2,200 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ 1,930. ತುದಿ ಮೆಟ್ಟಿಲಲ್ಲಿ ಏದುಸಿರು ಬಿಡುವವರು ಮೊದಲ ದಿನ ಸುಮ್ನೆ ರೂಮಿನಲ್ಲಿ ಬಿದ್ದುಕೊಳ್ಳುವುದು ಒಳ್ಳೆಯದು.

ತೋಟ ಯಾರು ನೋಡ್ಕೊಳ್ತಾರೆ ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಜೂನ್ ಅಷ್ಟೇನೂ ಕೆಟ್ಟ ತಿಂಗಳಲ್ಲ. ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮುಗಿಸಿ, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಿಬಿಟ್ಟರೆ ಜೋರು ಮಳೆಯಲ್ಲಿ ತೋಟದಲ್ಲಿ ಮಾಡುವುದಾದರೂ ಏನು? ಅಡಿಕೆ ಇದ್ದವರಿಗೆ ಕಷ್ಟ, ಎರಡನೇ ಸಿಂಪರಣೆಗೆ ಬಂದುಬಿಡಬೇಕು. ನಮ್ಮ ಲೈನ್‌ಮನೆಯಲ್ಲಿರುವ ತೋಟದ ಕೆಲಸದ ಅಸ್ಸಾಂ ಹುಡುಗರು ನನಗಿಂತ ದೊಡ್ಡ ಫುಟ್‌ಬಾಲ್ ಹುಚ್ಚರು. ಸಂಜೆ ಕಣದಲ್ಲಿ ಬರಿಗಾಲಲ್ಲಿ ಆಡುತ್ತಾರೆ. ನಾನು ಹೋಗುತ್ತೇನೆ ಅಂದಾಗ ಅವರು ಕೇಳಿದ್ದು ಒಂದೇ, ಡಿಶ್‌ಗೆ ರೀಚಾರ್ಜ್ ಮಾಡಿ ಹೋಗ್ತೀರಾ ಅಂತ. ಮೊದಲ ಮ್ಯಾಚೂ ಫೈನಲ್ಲೂ ನಮಗೆ ರಾತ್ರಿ 12.30ಕ್ಕೆ. ಕರೆಂಟ್ ಇದ್ದರೆ.

ಮಳೆ ಅಂದಾಗ ನೆನಪಾಯಿತು. ಅಮೆರಿಕದಲ್ಲಿ ಹತ್ತಿರ ಎಲ್ಲೋ ಮಿಂಚಿದರೆ ಆಟ ನಿಲ್ಲಿಸುತ್ತಾರೆ. ಕೊನೆಯ ಮಿಂಚಿನಿಂದ ಅರ್ಧ ಗಂಟೆ ಕಾಯಬೇಕು, ಮಧ್ಯೆ ಮತ್ತೆ ಮಿಂಚಿದರೆ ಲೆಕ್ಕ ಮೊದಲಿಂದ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ–ಬೆನ್ಫಿಕಾ ಮ್ಯಾಚ್ ಇನ್ನೇನು ಮುಗಿಯಿತು ಅನ್ನುವಾಗ ಹೀಗೆ ಎರಡು ಗಂಟೆಯ ಹತ್ತಿರ ನಿಂತುಹೋಗಿತ್ತು. ಮ್ಯಾಚ್ ಮುಗಿದ ತಕ್ಷಣದ ರೈಲಿಗೋ ವಿಮಾನಕ್ಕೋ ಬುಕ್ ಮಾಡಬೇಡಿ. ಬ್ಯಾಗ್ ಪಾರದರ್ಶಕ ಪ್ಲಾಸ್ಟಿಕ್‌ನದ್ದೇ ಇರಬೇಕು, ಚಿಕ್ಕದು. ಟಿಕೆಟ್ ಫೋನಿನಲ್ಲೇ ಇರುವುದರಿಂದ ಚಾರ್ಜ್ ನೋಡಿಕೊಳ್ಳಿ. ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಗೇಟಿನ ಆಚೆಯೇ ತಿಂದು ಮುಗಿಸಿ.

ಸಿಯಾಟಲ್ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಜಿಲ್ಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿಚಾರಣೆ. ಜೂನ್ 15ರ ವಾರ ಲೈಟ್ ರೈಲ್ ರೂಟಿನಲ್ಲಿ ಕೈಗೆಟುಕುವ ರೂಮ್ ಎಲ್ಲಿ ಸಿಗಬಹುದು? ಸ್ವಲ್ಪ ದೂರ ಇದ್ದರೂ ಪರವಾಗಿಲ್ಲ, ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಗೊತ್ತಾದರೆ ಸಾಕು. ಮನೆಯಲ್ಲೇ ಉಳ್ಕೊಳ್ಳಿ ಅನ್ನುವ ಪುಣ್ಯಾತ್ಮರಿದ್ದರೆ ಸ್ಟಾರ್‌ಬಕ್ಸ್ ಹುಟ್ಟಿದ ಆ ಊರಿಗೆ ನಮ್ಮ ತೋಟದ ಪೀಬರಿ (ಒಂಟಿ ಬೀಜದ ಕಾಫಿ) ಪುಡಿ ತರುತ್ತೇನೆ. ಚಿಕೋರಿ ಹಾಕಬೇಕಾ ಬೇಡವಾ ಅಂತ ಮೆಸೆಂಜರ್‌ನಲ್ಲಿ ತಿಳಿಸಿ.