ಹೆಬ್ಬೆರಳಿನ ಆಪರೇಷನ್ನಿಗೆ ಮೊದಲು ನಿಮ್ಮ ಕೆಲಸ ಏನಂತ ಡಾಕ್ಟರಿಗೆ ಹೇಳಿ
ಕಾಫಿ ಕೊಯ್ಲು ಮುಗಿಸಿ, ಮಳೆ ಹಿಡಿಯುವ ಮೊದಲೇ ಅಮ್ಮನ ಕಾಲಿನ ಹೆಬ್ಬೆರಳಿಗೆ ಆಪರೇಷನ್ ಮಾಡಿಸಿದೆವು. "ಬೆರಳಿಗೂ ಆಪರೇಷನ್ನಾ?" ಅಂತ ಕೇಳಿದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗಿನ ಬಹಳಷ್ಟು ತೋಟಗಳ ಹಾಗೆ ನಮ್ಮದೂ ಇಳಿಜಾರು. ಏರು ಹತ್ತುವಾಗ ಹಿಮ್ಮಡಿ ಎದ್ದು, ಮೈಭಾರದ ದೊಡ್ಡ ಪಾಲು ಹೆಬ್ಬೆರಳಿನ ಬುಡದ ಕೀಲಿಗೆ ಬೀಳುತ್ತದೆ. ಆ ಕೀಲು ಸವೆದರೆ ಮೇಲುಗಡೆ ಮೂಳೆ ಗಂಟು ಬೆಳೆಯುತ್ತದೆ, ಬೆರಳು ಮೇಲಕ್ಕೆ ಬಾಗುವುದಿಲ್ಲ. ಅಮ್ಮನಿಗೆ ಗಮ್‌ಬೂಟ್ ಹಾಕಲೂ ಆಗುತ್ತಿರಲಿಲ್ಲ. ಮೊದಲು ತೋರಿಸಿದ ಕಡೆ ಎಕ್ಸ್‌ರೇ ಇಲ್ಲ, ರಕ್ತ ಪರೀಕ್ಷೆ ಇಲ್ಲ, ಸುಮ್ನೆ ಯೂರಿಕ್ ಆಸಿಡ್ ಅಂತ ಮಾತ್ರೆ ಕೊಟ್ಟರು. ಒಂದೂವರೆ ವರ್ಷ ಹಾಗೇ ಹೋಯಿತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಯೂರಿಕ್ ಆಸಿಡ್ ನೋವೂ ಅದೇ ಕೀಲಿಗೆ ಬರುತ್ತದೆ, ನಿಜ. ಆದರೆ ಅದು ಸಾಮಾನ್ಯವಾಗಿ ರಾತ್ರೋರಾತ್ರಿ ಕೆಂಪಗೆ ಊದಿಕೊಂಡು ಬಂದು, ಕೆಲವು ದಿನಕ್ಕೆ ಇಳಿಯುತ್ತದೆ. ಸವೆತದ ನೋವು ನಡೆದಷ್ಟೂ ಜಾಸ್ತಿ.

ಸವೆತ ಕಮ್ಮಿ ಇದ್ದಾಗ, ಅಡಿ ಗಟ್ಟಿಯಿರುವ ಶೂನಲ್ಲೇ ಎಷ್ಟೋ ಜನ ಸುಧಾರಿಸುತ್ತಾರೆ. ಆಗದಿದ್ದರೆ ಆ ಗಂಟನ್ನಷ್ಟೇ ಕೆತ್ತಿ ತೆಗೆಯಬಹುದು. ಬೆರಳು ಬಾಗುವುದು ಉಳಿಯುತ್ತದೆ. ಅಮ್ಮ ಆ ಹಂತ ದಾಟಿದ್ದರು.

"ಮಂಡಿ ಬದಲಿಸಿದ ಹಾಗೆ ಇದನ್ನೂ ಬದಲಿಸಿ" ಅಂದೆವು ನಾವು. ಆದರೆ ಈ ಪುಟ್ಟ ಕೀಲಿಗೆ ಹಾಕುವ ಕೃತಕ ಕೀಲು ಮಂಡಿಯದರಷ್ಟು ನಂಬಿಕೆಯದಲ್ಲ. ಸಡಿಲವಾದರೆ ಮತ್ತೆ ಸರಿಮಾಡುವುದು ಕಷ್ಟ. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ, ಇದೇ ಕೀಲಿಗೆ ಹಾಕುವ ಕಾರ್ಟಿವಾ ಅನ್ನುವ ಇಂಪ್ಲಾಂಟನ್ನು 2024ರಲ್ಲಿ ಕಂಪನಿಯೇ ವಾಪಸ್ ಪಡೆಯಿತು. ಅಂದುಕೊಂಡದ್ದಕ್ಕಿಂತ ಹೆಚ್ಚು ಜನರಿಗೆ ತೊಂದರೆಯಾಗಿತ್ತು.

ಕೊನೆಗೆ ಆ ಕೀಲಿನ ಎರಡೂ ಕಡೆಯ ಮೂಳೆಗಳನ್ನು ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ಆ ಕೀಲು ಇನ್ನು ಬಾಗುವುದಿಲ್ಲ ಅಂತ ಕೇಳಿ ಅಮ್ಮ ಅತ್ತೇಬಿಟ್ಟಿದ್ದರು. ನನಗೂ ಭಯವಿತ್ತು. ಆದರೆ ಉಜ್ಜಾಟವೇ ಇಲ್ಲದ ಮೇಲೆ ನೋವೆಲ್ಲಿಂದ ಬರಬೇಕು? ಬೆರಳನ್ನು ಸ್ವಲ್ಪ ಮೇಲಕ್ಕೆತ್ತಿ ಕೂಡಿಸುವುದರಿಂದ ನಡಿಗೆ ಅಷ್ಟಾಗಿ ಕೆಡುವುದಿಲ್ಲ. ಮೊದಲ ಆರು ವಾರ ಮಾತ್ರ ಹಿಮ್ಮಡಿ ಮೇಲೇ ಭಾರ ಹಾಕಿ, ವಿಶೇಷ ಚಪ್ಪಲಿಯಲ್ಲಿ ಓಡಾಟ. ಬೀಡಿ, ಸಿಗರೇಟು ಸೇದುವವರು ಅದನ್ನು ಬಿಡಲೇಬೇಕು, ಇಲ್ಲದಿದ್ದರೆ ಮೂಳೆ ಕೂಡುವುದು ತಡವಾಗುತ್ತದೆ.

ನಾನು ಡಾಕ್ಟರ ಹತ್ತಿರ ಮೊದಲು ಕೇಳಿದ್ದು ಇಷ್ಟೇ. ಕಾಳುಮೆಣಸು ಕೊಯ್ಯಲು ಏಣಿ ಹತ್ತಬಹುದಾ? ಉದುರಿದ ಕಾಫಿ ಹೆಕ್ಕಲು ತುದಿಗಾಲಲ್ಲಿ ಕೂರಬಹುದಾ? ಗದ್ದೆಯವರು, ಡ್ರೈವರುಗಳು, ದಿನವಿಡೀ ನಿಲ್ಲುವವರು, ನಿಮ್ಮ ನಿಮ್ಮ ಪ್ರಶ್ನೆ ನೀವು ಕೇಳಲೇಬೇಕು. ಅಮ್ಮನಿಗೆ ಡಾಕ್ಟರು ಏಣಿ ಬೇಡ ಅಂದರು. ತುದಿಗಾಲಲ್ಲಿ ಕೂರುವುದು ಆಗುವುದಿಲ್ಲ ಅಂತ ಮೊದಲೇ ಹೇಳಿದ್ದರು. ಅಮ್ಮನಿಗೆ ಒಂದು ಗಿಡ್ಡ ಮಣೆ ಮಾಡಿಸಿದ್ದೇವೆ.