ಮನೆಯಲ್ಲಿ ಇನ್ನೊಂದು ಶಾಲೆ ಯಾಕೆ?

ನಾವಿರುವುದು ಜರ್ಮನಿಯಲ್ಲಿ. ಮಗಳಿಗೆ ಐದು ವರ್ಷ. ಭಾರತದಲ್ಲಿರುವ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿ, ಮಗನನ್ನು ಶಾಲೆಗೆ ಹಾಕುವುದಿಲ್ಲ, ಮನೆಯಲ್ಲೇ ಕಲಿಸುತ್ತೇನೆ ಅಂದ. ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಇಲ್ಲಿ ಆರು ವರ್ಷದ ಹೊತ್ತಿಗೆ ಮಗುವನ್ನು ಶಾಲೆಗೆ ಕಳಿಸಲೇಬೇಕು, ಇಲ್ಲದಿದ್ದರೆ ದಂಡ ಬೀಳಬಹುದು. ಮನೆಯಲ್ಲೇ ಕಲಿಸಬೇಕೆಂದ ಒಂದು ಕುಟುಂಬ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿತ್ತು. 2006ರಲ್ಲಿ ಅಲ್ಲೂ ಅವರ ಮಾತು ನಡೆಯಲಿಲ್ಲ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹಾಗೆ ತಂದೆತಾಯಿಗೆ ದಂಡ ಹಾಕುವ ಮಾತಿಲ್ಲ.

ಆಮೇಲೆ ಅವನು ಮಗನ ವೇಳಾಪಟ್ಟಿ ಕಳಿಸಿದ. ಒಂಬತ್ತಕ್ಕೆ ಅಕ್ಷರ, ಹತ್ತಕ್ಕೆ ಮಗ್ಗಿ, ಹನ್ನೊಂದಕ್ಕೆ ಕಾಪಿ ಬರೆಯುವುದು. ಹುಡುಗನಿಗೆ ನಾಲ್ಕು ವರ್ಷ! ನನ್ನ ಹೊಟ್ಟೆಕಿಚ್ಚು ಅಲ್ಲಿಗೇ ಇಳಿಯಿತು.

ವಿಚಿತ್ರ ನೋಡಿ. ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಅವಕಾಶವೇ ಇಲ್ಲದ ಈ ದೇಶದಲ್ಲಿ, ಆರು ವರ್ಷದ ತನಕ ಮಗುವಿಗೆ ಅಕ್ಷರ ಕಲಿಸುವ ಅವಸರ ಯಾರಿಗೂ ಇಲ್ಲ. ಫ್ರೋಬೆಲ್ ಎಂಬಾತ 1837ರಲ್ಲಿ ಇಲ್ಲೇ ಚಿಕ್ಕ ಮಕ್ಕಳಿಗಾಗಿ ಒಂದು ಜಾಗ ಮಾಡಿ, ಅವರ ಕೈಗೆ ಚೆಂಡು, ಮರದ ತುಂಡುಗಳನ್ನು ಕೊಟ್ಟ. ಮೂರು ವರ್ಷದ ಮೇಲೆ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ. ಅದೇ ಹೆಸರು ಹೊತ್ತ ಎಲ್‌ಕೆಜಿ, ಯುಕೆಜಿಗಳಲ್ಲಿ ನಾವು ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಕೂರಿಸಿದೆವು. ಮಗಳು ದಿನವೂ ಇಲ್ಲಿನ ಕಿಂಡರ್‌ಗಾರ್ಟನ್‌ನಿಂದ ಮೈಯೆಲ್ಲ ಮಣ್ಣು ಮಾಡಿಕೊಂಡು ಬರುವಾಗ ನನಗೂ ಮೊದಮೊದಲು ಭಯವಾಗುತ್ತಿತ್ತು, ಸುಳ್ಳು ಹೇಳಲ್ಲ.

ಕನ್ನಡ ಮಾತ್ರ ಮನೆಯಲ್ಲೇ ಆಗಬೇಕಲ್ವಾ? ಅದಕ್ಕೂ ನಾವು ಪಾಠದ ಹೊತ್ತು ಅಂತ ಇಟ್ಟಿಲ್ಲ. ಮೆಟ್ಟಿಲು ಹತ್ತುವಾಗ ಎಣಿಸುತ್ತೇವೆ. ಒಗೆದ ಕಾಲುಚೀಲಗಳ ಜೋಡಿ ಹುಡುಕುವುದು ಅವಳ ಕೆಲಸ. ಒಂದು ಉಳಿದರೆ ಅದರ ಜೊತೆಯದು ಎಲ್ಲಿ ಹೋಯಿತು ಅಂತ ಅವಳೇ ಕಥೆ ಕಟ್ಟುತ್ತಾಳೆ. ರಾತ್ರಿ ಪುಸ್ತಕ. ತಿಂಗಳಿಂದ ಅದೇ ಪುಸ್ತಕ. ನಿದ್ದೆ ತಡೆಯಲಾಗದೆ ನಾನು ಒಂದು ಪುಟ ಹಾರಿಸಿದರೆ, "ಅಪ್ಪಾ, ಆನೆ ಎಲ್ಲಿ?" ಅಂತ ಹಿಡಿದುಬಿಡುತ್ತಾಳೆ. ಹೋದ ವಾರ ಸಾಲಿನ ಮೇಲೆ ಬೆರಳಿಟ್ಟು, "ಈ ರ ಹೊಟ್ಟೆಯಲ್ಲಿ ಚುಕ್ಕಿ ಯಾಕಿದೆ?" ಅಂತ ಕೇಳಿದಳು. ಅದು ಠ! ರ ಯಾವುದು ಅಂತ ನಾನು ಯಾವತ್ತೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಕನ್ನಡದಲ್ಲಿ ಬಹುಮಟ್ಟಿಗೆ ಬರೆದದ್ದೇ ಓದು. ಇಂಗ್ಲಿಷಿನ ಹಾಗೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸುವ ಕಾಟವಿಲ್ಲ. ಹಾಗಿದ್ದ ಮೇಲೆ ಅವಸರ ಯಾಕೆ?

ಇಲ್ಲಿನದೆಲ್ಲ ಸರಿ ಅಂತಲ್ಲ. ಆರಾದ ಮೇಲೂ ಮನೆಯಲ್ಲೇ ಇದ್ದರೆ ಚೆನ್ನಾಗಿರುವ ಮಕ್ಕಳು ಇರುತ್ತಾರೆ. ಅವರಿಗೆ ಈ ಕಾನೂನು ಜಾಸ್ತಿಯೇ ಬಿಗಿ. ಗೆಳೆಯನಿಗೆ ಇಡೀ ಹಗಲು ಮಗನ ಜೊತೆ ಸಿಗುತ್ತದೆ, ನನಗೆ ಸಿಗುವುದು ಸಂಜೆ ಮಾತ್ರ. ಅಷ್ಟು ಹೊತ್ತು ಕೈಯಲ್ಲಿದ್ದೂ ಅದನ್ನು ಪೀರಿಯಡ್‌ಗಳಾಗಿ ಕತ್ತರಿಸುತ್ತಾನಲ್ಲ ಅಂತ ನನಗೆ ಬೇಜಾರು.

ಅವನಿಗೂ ಇದನ್ನೇ ಹೇಳಿದೆ. ಒಂದೆರಡು ದಿನ ಮಾತಿಲ್ಲ. ಈಗ ಹನ್ನೊಂದು ಗಂಟೆಯ ಕಾಪಿ ನಿಂತಿದೆಯಂತೆ. ಮಗ್ಗಿ ಇನ್ನೂ ನಡೆಯುತ್ತಿದೆ.