ಮಿನ್ನೆಸೋಟದ ಬೈರಿಗೆ, ಉಡುಪಿಯ ಮಸೆಗಲ್ಲು

ಮಲ್ಪೆಯಲ್ಲಿ ಐಸ್ ಮೀನಿನ ಮೇಲಿರುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಮೀನು ಐಸಿನ ಕೆಳಗಿರುತ್ತದೆ. ಕೇಳುವಾಗ ಎರಡೂ ಒಂದೇ ಅನಿಸಬಹುದು. ಆದರೆ ಇಲ್ಲಿ ದುಡ್ಡು ಕೊಟ್ಟು ಐಸ್ ತರುತ್ತಾರೆ. ಅಲ್ಲಿ ಪುಕ್ಕಟೆ ಸಿಕ್ಕಿದ ಐಸಿಗೆ ತೂತು ಕೊರೆಯಲು ದುಡ್ಡು ಸುರಿಯುತ್ತಾರೆ. ನನ್ನ ಅಕ್ಕನ ಮಗ ಈಗ ಆ ಎರಡನೇ ಗುಂಪಿಗೆ ಸೇರಿದ್ದಾನೆ.

ಹುಡುಗ ಬೆಳೆದದ್ದು ಮಲ್ಪೆ ಬಂದರಿನಿಂದ ಕೂಗಳತೆಯಲ್ಲಿ. ಇಲ್ಲಿದ್ದಷ್ಟು ದಿನ ಗಾಳ ಮುಟ್ಟಿದವನಲ್ಲ. ಮೀನು ಅಂದರೆ ಅವನಿಗೆ ಬಟ್ಟಲಿಗೆ ಬಂದು ಬೀಳುವ ಬಂಗುಡೆ ಪುಳಿಮುಂಚಿ, ಅಷ್ಟೇ. ಈಗ ನೋಡಿದರೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಸ್ಟೂಲ್ ಹಾಕಿ ಕೂರುತ್ತಾನೆ. ಕಾಲ ಬುಡದಲ್ಲಿ ಒಂದು ತೂತು. ತೂತಿನೊಳಗೆ ದಾರ. ದಾರದ ತುದಿಯಲ್ಲಿ ಹೆಚ್ಚಾಗಿ ಏನೂ ಇರುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಇದನ್ನೆಲ್ಲ ಹೆಮ್ಮೆಯಿಂದ ತೋರಿಸಿದಾಗ ಅಕ್ಕ ಕೇಳಿದ್ದು ಒಂದೇ ಮಾತು: “ಅಲ್ಲಿ ಮೀನು ಮಾರ್ಕೆಟ್ ಇಲ್ವಾ ಮಗಾ?”

ತೂತು ಕೊರೆಯಲು ಅಲ್ಲಿ ಎಂಜಿನ್ನಿನ ಯಂತ್ರ ಉಂಟು, ಬ್ಯಾಟರಿಯದ್ದೂ ಉಂಟು. ಇವನು ಕೊಂಡದ್ದು ಕೈಯಲ್ಲಿ ತಿರುಗಿಸುವ ಹ್ಯಾಂಡ್ ಆಗರ್, ಅಂದರೆ ಐಸಿನ ಬೈರಿಗೆ. ಮೇಲೆ ಬಾಗಿದ ಹಿಡಿ, ನಡುವೆ ತಿರುಪು, ತಳದಲ್ಲಿ ಎರಡು ಅಲಗು. ನೋಡುವವರ ಕಣ್ಣು ಹೋಗುವುದು ತಿರುಪಿನ ಕಡೆಗೆ. ಆದರೆ ಅದರ ಕೆಲಸ ಕೊರೆದ ಐಸನ್ನು ಮೇಲೆ ಎತ್ತಿ ಹಾಕುವುದು ಮಾತ್ರ. ಕೊರೆಯುವುದೆಲ್ಲ ಕೆಳಗಿನ ಎರಡು ಅಲಗು. ಅವು ಹರಿತ ಇದ್ದರೆ ಬೈರಿಗೆ ತನ್ನ ಭಾರಕ್ಕೇ ಇಳಿಯುತ್ತದೆ. ಇಲ್ಲದಿದ್ದರೆ ಐಸಿನ ಮೇಲೆ ಸುಮ್ನೆ ಗಿರಗಿರ ಸುತ್ತುತ್ತದೆ, ಮೇಲಿನಿಂದ ಎಷ್ಟು ಒತ್ತಿದರೂ ಅಷ್ಟೇ. ತೂತಿನ ಅಗಲದಲ್ಲೂ ಒಂದು ಲೆಕ್ಕ ಉಂಟು. 6 ಇಂಚಿನ ಬದಲು 8 ಇಂಚಿನದ್ದು ಅಂದರೆ ಎರಡೇ ಇಂಚು ಜಾಸ್ತಿ, ಅಲ್ವಾ? ಆದರೆ ಕೊರೆಯಬೇಕಾದ ಐಸ್ ಹೆಚ್ಚುಕಮ್ಮಿ 1.8 ಪಟ್ಟು. ಅಂಗಡಿಯಲ್ಲಿ ದೊಡ್ಡದನ್ನೇ ಆರಿಸಿದವರಿಗೆ ಇದು ಗೊತ್ತಾಗುವುದು ಸರೋವರದ ಮೇಲೆ, ರಟ್ಟೆ ಹಿಡಿದುಕೊಂಡಾಗ.

ಜೂನ್‌ನಲ್ಲಿ ಅವನು ರಜೆಗೆ ಬಂದ. ಅಲ್ಲಿ ಐಸ್ ಕರಗಿ ಮುಗಿದಿತ್ತು. ಇಲ್ಲಿ ಮಳೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂದರಿನಲ್ಲಿ. ಎರಡೂ ಕಡೆ ಕೆಲಸ ನಿಂತ ಈ ಸಮಯದಲ್ಲಿ ಅವನು ಸೂಟ್‌ಕೇಸ್ ತೆರೆದು, ಚಾಕಲೇಟಿನ ಅಡಿಯಿಂದ ಒಂದು ಟವೆಲ್ ಗಂಟು ತೆಗೆದ. ಒಳಗೆ ಎರಡು ಜೊತೆ ಅಲಗು. ಒಂದು ಜೊತೆ ಚಪ್ಪಟೆ, ಉಳಿಯ ಹಾಗೆ. ಇನ್ನೊಂದು ಜೊತೆ ಬಾಗಿದ್ದು, ಸ್ವೀಡನ್ನಿನ ಮೋರಾದ್ದು. ಚೂರಿಗೆ ಹೆಸರಾದ ಊರದು. ಚಪ್ಪಟೆಯದ್ದನ್ನು ಮನೆಯಲ್ಲೇ ಮಸೆದುಕೊಳ್ಳಬಹುದು, ಬಾಗಿದ್ದಕ್ಕೆ ಕೈ ಹಾಕಲು ಅಲ್ಲಿನವರೂ ಹೆದರುತ್ತಾರಂತೆ. ಹೊಸ ಜೊತೆ ತೆಗೆದುಕೊಳ್ಳುವುದು ದುಬಾರಿ. “ಇಲ್ಲಿ ಯಾರಾದರೂ ಮಾಡಿಕೊಡ್ತಾರಾ ಮಾಮ?”

ನಮ್ಮ ಕಡೆ ಕೇಳಬಾರದ ಪ್ರಶ್ನೆ ಅದು. ಕತ್ತಿ ಮಸೆಯುವುದರ ಬಗ್ಗೆ ಅಭಿಪ್ರಾಯ ಇಲ್ಲದ ಮನೆ ಈ ಜಿಲ್ಲೆಯಲ್ಲಿ ಇಲ್ಲ. ತೆಂಗು, ಅಡಿಕೆ, ಹಲಸು, ಮೀನು ಎಲ್ಲಕ್ಕೂ ಬೇರೆ ಬೇರೆ ಕತ್ತಿ. ಭಾವ ಒಂದು ಅಲಗನ್ನು ಎತ್ತಿ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟರು. ಹರಿತ ಇದ್ದರೆ ಬಾಯಿ ಉಗುರಿಗೆ ಕಚ್ಚಿ ಅಲ್ಲೇ ನಿಲ್ಲುತ್ತದೆ. ಅದು ಜಾರಿತು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇದು ಇನ್ನೂ ಒಳ್ಳೆಯ ಪರೀಕ್ಷೆ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ, ಬೆಳಕು ತಾಗಲು ಅಲ್ಲಿ ಜಾಗವೇ ಇರುವುದಿಲ್ಲ. ಮೊಂಡಾದಲ್ಲಿ ಮಾತ್ರ ಕೂದಲಿನಷ್ಟು ಸಪೂರ ಬಿಳಿ ಗೆರೆ ಮಿನುಗುತ್ತದೆ. ಇದರಲ್ಲಿ ಗೆರೆ ಈ ತುದಿಯಿಂದ ಆ ತುದಿಯವರೆಗೆ ಇತ್ತು. ನಡುವೆ ಎರಡು ಕಡೆ ಸಣ್ಣ ಕಚ್ಚು ಬೇರೆ.

“ಐಸಿಗೆ ಮೊಂಡಾಗುವ ಉಕ್ಕು ಎಂಥ ಉಕ್ಕು ಮಾರಾಯ?” ಅಂದರು ಭಾವ.

ನ್ಯಾಯವಾದ ಪ್ರಶ್ನೆ. ಮಲ್ಪೆಯ ಐಸ್ ನೋಡಿದವರೆಲ್ಲ ಹೀಗೇ ಕೇಳುತ್ತಾರೆ. ಉಪ್ಪುನೀರಿನ ದೊಡ್ಡ ತೊಟ್ಟಿಯಲ್ಲಿ ತಗಡಿನ ಡಬ್ಬ ಇಳಿಸಿ, ಅದರಲ್ಲಿ ಸಿಹಿನೀರು ಹೆಪ್ಪುಗಟ್ಟಿಸುತ್ತಾರೆ. ಸುತ್ತಲಿಂದ ಗಟ್ಟಿಯಾಗುತ್ತಾ ಬಂದ ಹಾಗೆ ನೀರೊಳಗಿನ ಗಾಳಿ ನಡುವಿಗೆ ಸರಿದು ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಬ್ಲಾಕಿನ ಅಂಚು ಗಾಜು, ಹೊಟ್ಟೆ ಹಾಲು ಬಿಳುಪು. ಸರೋವರ ಹೆಪ್ಪುಗಟ್ಟುವುದು ಮೇಲಿನಿಂದ ಕೆಳಕ್ಕೆ, ನಿಧಾನವಾಗಿ. ನೀರು ಅತಿ ಭಾರ ಇರುವುದು 4 ಡಿಗ್ರಿಯಲ್ಲಿ, ಆದ್ದರಿಂದ ಆ ನೀರು ತಳದಲ್ಲಿ ನಿಂತು ಮೀನುಗಳು ಬದುಕುತ್ತವೆ. ಮೇಲೆ ಕಟ್ಟುವ ಒಳ್ಳೆಯ ಐಸ್ ಎಷ್ಟು ತಿಳಿ ಅಂದರೆ ಅದರೊಳಗಿಂದ ಕೆಳಗಿನ ಕಪ್ಪು ನೀರು ಕಾಣುತ್ತದೆ. ನಡೆದಾಡಲು ಇಂಥದ್ದು ಕನಿಷ್ಠ 4 ಇಂಚಾದರೂ ಬೇಕು ಅನ್ನುತ್ತದೆ ಅಲ್ಲಿನ ಸರಕಾರ. 4 ಇಂಚು ಉಂಟೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಹೋಗುತ್ತಾ ಹೋಗುತ್ತಾ ಕೊರೆದು ನೋಡಬೇಕು. ಅಲಗು ಹರಿತ ಇರಬೇಕಾದದ್ದು ಮೀನಿಗಾಗಿ ಮಾತ್ರ ಅಲ್ಲ ಅಂತ ತಿಳಿದ ಮೇಲೆ ಅಕ್ಕನಿಗೆ ಈ ವಿಷಯದಲ್ಲಿ ಆಸಕ್ತಿ ಬಂತು.

ಉಕ್ಕಿನ ಎದುರು ಐಸ್ ಏನೂ ಅಲ್ಲ. ಚಳಿ ಏರಿದ ಹಾಗೆ ಅದು ಗಟ್ಟಿಯಾಗುತ್ತದೆ ನಿಜ, ಆದರೂ ಸೊನ್ನೆಯ ಹತ್ತಿರದಲ್ಲಿ ಉಗುರಿನಿಂದ ಕೆರೆದರೆ ಗೀರು ಬೀಳುತ್ತದೆ. ಅಲಗನ್ನು ತಿನ್ನುವುದು ಐಸ್ ಅಲ್ಲ, ಮರಳು. ದಡದ ಹತ್ತಿರದ ಐಸಿನಲ್ಲಿ ಗಾಳಿ ತಂದು ಹಾಕಿದ ಮರಳು ಇರುತ್ತದೆ. ಬೂಟಿನಲ್ಲಿ ಬಂದದ್ದು, ಕಾರಿನ ಡಿಕ್ಕಿಯಲ್ಲಿ ಇದ್ದದ್ದು ಬೇರೆ. ಮರಳಿನ ಒಂದೊಂದು ಕಣವೂ ಚೂರಿಯ ಉಕ್ಕಿಗಿಂತ ಗಟ್ಟಿ. ಇದನ್ನು ನಮ್ಮ ಮೀನು ಮಾರ್ಕೆಟಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೈರಂಪಣಿ ಬಲೆಯ ಮೀನು ದಡಕ್ಕೆ ಎಳೆದು ತಂದದ್ದು, ಮೈಯೆಲ್ಲ ಮರಳು. ಎಷ್ಟೇ ಗಡಿಬಿಡಿ ಇರಲಿ, ಮೊದಲು ನೀರಿಗೆ ಅದ್ದಿ ತೆಗೆದೇ ಕತ್ತಿಗೆ ಕೊಡುತ್ತಾರೆ. ಗಿರಾಕಿ ಅದು ಮೀನು ಚೊಕ್ಕ ಮಾಡುವುದು ಅಂದುಕೊಳ್ಳುತ್ತಾನೆ. ತಮಾಷೆ ಅಂದರೆ, ಕಳ್ಳು ಇಳಿಸುವ ಮೂರ್ತೆಯವರು ಕತ್ತಿ ಮಸೆಯುವುದೂ ಮರಳಿನ ಅಣ್ಣತಮ್ಮನಲ್ಲೇ. ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ನುಣ್ಣನೆಯ ಪುಡಿ ಉದುರಿಸಿ ಉಜ್ಜುತ್ತಾರೆ. ಮೊಂಡು ಮಾಡುವುದೂ ಅದೇ, ಹರಿತ ಮಾಡುವುದೂ ಅದೇ. ಅಲಗು ಯಾವ ಓರೆಯಲ್ಲಿ ತಾಗುತ್ತದೆ ಅನ್ನುವುದರಲ್ಲಿ ಎಲ್ಲ ಉಂಟು.

ಕೊನೆಗೆ ಕಲ್ಯಾಣಪುರದ ಕಡೆಯ ಒಬ್ಬ ಆಚಾರಿಯ ಹತ್ತಿರ ಹೋದೆವು. ಹುಡುಗ ಫೋನಿನಲ್ಲಿ ಬೈರಿಗೆ ತಿರುಗುವುದನ್ನು ತೋರಿಸಿದ. ಅವರು ಫೋನ್ ಕಡೆ ಅರೆಕ್ಷಣ ನೋಡಿ, ಬಾಗಿದ ಅಲಗನ್ನು ಮೇಜಿನ ಮೇಲೆ ಇಟ್ಟು, ಪಕ್ಕದಿಂದ ಬಗ್ಗಿ ನೋಡಿದರು. “ಇದು ಮರಗೆಲಸದ ಕೀಸುಳಿ,” ಅಂದರು. “ಮುಂದೆ ಹೋಗುವ ಬದಲು ಸುತ್ತ ತಿರುಗುತ್ತದೆ, ಅಷ್ಟೇ.”

ಅದರ ಮರ್ಮ ಅಷ್ಟೇ. ಐಸಿಗೆ ಮೊದಲು ತಾಗಬೇಕಾದದ್ದು ಬಾಯಿ. ಬಾಯಿಯ ಹಿಂದಿನ ಲೋಹ ಒಂದು ಎಳೆಯಷ್ಟು ಮೇಲೆ ಎದ್ದಿರಬೇಕು. ಮಸೆಯುವ ಉತ್ಸಾಹದಲ್ಲಿ ಅಡಿಭಾಗವನ್ನು ಉಜ್ಜಿ ಅಂಚನ್ನು ದುಂಡು ಮಾಡಿದರೆ ಹಿಂದಿನ ಹೊಟ್ಟೆ ಮೊದಲು ತಾಗುತ್ತದೆ, ಬಾಯಿ ಐಸಿಗೆ ಸಿಗುವುದೇ ಇಲ್ಲ. ಆಗ ಉಗುರು ಕತ್ತರಿಸುವಷ್ಟು ಹರಿತ ಇದ್ದರೂ ಬೈರಿಗೆ ಜಾರುತ್ತದೆ. ಎಷ್ಟೋ ಅಲಗು ಹಾಳಾಗುವುದು ಬಳಸಿ ಅಲ್ಲ, ಮಸೆದು. ನನಗಂತೂ ಇದು ಪೂರ್ತಿ ನಂಬಿಕೆ. ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕೆಲಸ ಇಲ್ಲದ ಗಂಡಸು ಇದ್ದರೆ ಆ ಮನೆಯ ಚೂರಿಗಳಿಗೆ ಆಯುಷ್ಯ ಕಮ್ಮಿ.

ಮೂಲೆಯಲ್ಲಿ ಕರೆಂಟಿನ ಸಾಣೆಚಕ್ರ ಇತ್ತು. ಆಚಾರಿ ಅದರ ಹತ್ತಿರವೂ ಹೋಗಲಿಲ್ಲ. ಕಿಡಿ ಹಾರುವುದು ನೋಡಲು ಚಂದ, ಆದರೆ ತೆಳು ಬಾಯಿ ಕಾದು ನೀಲಿ ಬಣ್ಣಕ್ಕೆ ತಿರುಗಿತೋ, ಉಕ್ಕಿನ ಹದ ಹೋಯಿತು ಅಂತ ಲೆಕ್ಕ. ಅವರು ತೆಗೆದದ್ದು ಅರೆದುಂಡಗಿನ ಒಂದು ಸವೆದ ಕಲ್ಲು. ನೀರು ಚಿಮುಕಿಸಿ, ಬಾಗಿನ ಒಳಗಡೆಯಿಂದ ಮಾತ್ರ, ಇದ್ದ ಓರೆಯಲ್ಲೇ ಉಜ್ಜುತ್ತಾ ಹೋದರು. ನಡುನಡುವೆ ಆಚೆ ಬದಿಯನ್ನು ಬೆರಳಿನ ಹೊಟ್ಟೆಯಿಂದ ಸವರಿ ನೋಡುವುದು. ಕಣ್ಣಿಗೆ ಕಾಣದ ಒಂದು ಮಡಿಕೆ ಅಲ್ಲಿ ಬೆರಳಿಗೆ ತಟ್ಟಿದರೆ ಈಚೆಯ ಕೆಲಸ ಮುಗಿದಂತೆ. ಆ ಮಡಿಕೆಯನ್ನು ಒಂದೆರಡು ಸಲ ಹಗುರವಾಗಿ ಎಳೆದು ತೆಗೆದರು. ಒಂದು ಅಲಗಿನಿಂದ ಎಷ್ಟು ಲೋಹ ಹೋಯಿತೋ ಇನ್ನೊಂದರಿಂದಲೂ ಅಷ್ಟೇ. ಒಂದು ಹೊಸತು ಒಂದು ಹಳತು ಹಾಕಿದರೆ ಒಂದೇ ಕೊರೆಯುತ್ತದೆ, ಇನ್ನೊಂದು ಸುಮ್ನೆ ಜೊತೆಗೆ ಸುತ್ತುತ್ತದೆ.

ಇನ್ನು ಉಪದೇಶ. ಅಲಗಿಗೆ ಕವಚ ಹಾಕಿಡು. ಅಂಟಿದ ಐಸ್ ಉದುರಿಸಲು ಬೈರಿಗೆಯನ್ನು ನೆಲಕ್ಕೆ ಕುಟ್ಟಬೇಡ. ಒರೆಸದೆ ಇಡಬೇಡ, ತುಕ್ಕು ಮೊದಲು ತಿನ್ನುವುದು ಬಾಯಿಯನ್ನೇ. ಉಪ್ಪುಗಾಳಿಯ ಊರಿನವರಿಗೆ ಇದು ಹೊಸ ವಿಷಯ ಅಲ್ಲ. ಮಳೆಗಾಲದಲ್ಲಿ ಇಲ್ಲಿ ಒಂದು ರಾತ್ರಿ ಸಾಕು, ಬೆಳಿಗ್ಗೆ ಕತ್ತಿ ಕೆಂಪು. “ತೆಂಗಿನೆಣ್ಣೆ ಹಚ್ಚಿಡು” ಅಂದರು ಆಚಾರಿ. ಹುಡುಗ ನಕ್ಕ. ತೆಂಗಿನೆಣ್ಣೆ 24 ಡಿಗ್ರಿಯಿಂದ ಕೆಳಗೆ ಇಳಿದರೆ ಗಟ್ಟಿಯಾಗುತ್ತದೆ. ಅವನ ಗ್ಯಾರೇಜಿನಲ್ಲಿ ಜನವರಿಯಲ್ಲಿ ಅಲಗಿನ ಮೇಲಿನ ಎಣ್ಣೆಯನ್ನು ಕೆರೆಯಲು ಇನ್ನೊಂದು ಚೂರಿ ಬೇಕಾದೀತು.

ಯಾರಿಗೂ ಎರವಲು ಕೊಡಬೇಡ ಅಂತಲೂ ಹೇಳಿದರು. ಈ ಮಾತಿಗೆ ಅವನು ನಗಲಿಲ್ಲ. ಸರೋವರದ ಮೇಲೆ ಪಕ್ಕದವನು ಬಂದು “ಒಂದೇ ಒಂದು ತೂತು” ಅಂತ ಕೇಳುತ್ತಾನಂತೆ. ಇಲ್ಲ ಅನ್ನಲು ಆಗುವುದಿಲ್ಲ. ಆಸಾಮಿ ಹಳೆಯ ತೂತನ್ನೇ ಮತ್ತೆ ಕೊರೆಯಲು ಹೋಗಿ, ಅಲಗು ಅಂಚಿಗೆ ಸಿಕ್ಕಿ ಕಚ್ಚು ಬೀಳಿಸಿ, ಥ್ಯಾಂಕ್ಸ್ ಹೇಳಿ ವಾಪಸ್ ಕೊಡುತ್ತಾನೆ. ಅಲಗಿನ ನಡುವಿನ ಆ ಎರಡು ಕಚ್ಚು ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು. ಎಳನೀರು ಬೊಂಡ ಮಾರುವವರನ್ನು ನೋಡಿ ಕಲಿಯಬೇಕು. ಅವರ ಕತ್ತಿ ಗಿರಾಕಿಯ ಕೈಗೆ ಹೋಗುವುದೂ ಇಲ್ಲ, ನೆಲಕ್ಕೆ ತಾಗುವುದೂ ಇಲ್ಲ.

ಜನವರಿಯಲ್ಲಿ ವಿಡಿಯೊ ಬಂತು. ಮೊಂಡು ಅಲಗು ಐಸನ್ನು ಪುಡಿ ಮಾಡುತ್ತದೆ, ಹರಿತದ್ದು ಸಿಪ್ಪೆ ಎಬ್ಬಿಸುತ್ತದೆ. ತೂತಿನ ಸುತ್ತ ಉಗುರಿನಗಲದ ಸಿಪ್ಪೆ ರಾಶಿ ಬಿದ್ದಿತ್ತು. ನಾನು ಅದನ್ನು ಆಚಾರಿಗೆ ತೋರಿಸಿದೆ. ನೋಡಿ, “ಮೀನು ಎಲ್ಲಿ?” ಅಂದರು. ಮೀನು ಸಿಕ್ಕಿರಲಿಲ್ಲ. ಅದಕ್ಕೆ ತಾನು ಜವಾಬ್ದಾರ ಅಲ್ಲ ಅಂತ ಅವರೇ ಹೇಳಿದರು.

ಈ ಸಲ ಬರುವಾಗ ಅವನು ಗೆಳೆಯರ ಅಲಗುಗಳನ್ನೂ ತರುತ್ತಾನಂತೆ. ಒಂದು ಜೊತೆಗೆ ಎಷ್ಟು ತೆಗೆದುಕೊಳ್ಳುತ್ತೀರಿ ಅಂತ ಆಚಾರಿಯನ್ನು ಕೇಳಿದೆ. ಕಲ್ಲು ಕೆಳಗಿಟ್ಟು, ಕೈ ಒರೆಸಿಕೊಂಡು, “ಡಾಲರಿಗೆ ಈಗ ಎಷ್ಟುಂಟು?” ಅಂತ ಕೇಳಿದರು.